ವಾಟ್ಸ್ ಗೋಯಿಂಗ್ ಆನ್: ಬೇಸ್ ನುಡಿಸೋರ ಕಣ್ಣಲ್ಲಿ ಮೂಲ ಹಾಡು, ಅದರ ಕವರ್‌ಗಳು

ತಗ್ಗುತಂತಿ:
ಸೋಲ್ ಸಂಗೀತದಲ್ಲಿ ಒಂದೇ ಒಂದು ಹಾಡು ಇಟ್ಕೋ ಅಂದ್ರೆ ನಂದು ಮಾರ್ವಿನ್ ಗೇ ಹಾಡಿರೋ ವಾಟ್ಸ್ ಗೋಯಿಂಗ್ ಆನ್, ಯೋಚ್ನೆ ಮಾಡೋ ಮಾತೇ ಇಲ್ಲ. 1971ರ ಜನವರಿಯಲ್ಲಿ ಸಿಂಗಲ್ ಬಂತು, ಅದೇ ಹೆಸರಿನ ಆಲ್ಬಂ ಮೇ ತಿಂಗಳಲ್ಲಿ. ಬೇಸ್, ಅಂದ್ರೆ ತಗ್ಗು ಸ್ವರದ ಗಿಟಾರ್, ನುಡಿಸಿದ್ದು ಜೇಮ್ಸ್ ಜೇಮರ್ಸನ್. ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗುಂಪು, ಬರೆದು ನೋಡಿದ್ರೆ ಏನೂ ಇಲ್ಲ ಅನ್ಸತ್ತೆ, ಇ ಮೇಜರ್ ಸೆವೆನ್, ಸಿ ಶಾರ್ಪ್ ಮೈನರ್ ಸೆವೆನ್, ಮತ್ತೆ ಅದೇ, ಆಮೇಲೆ ಎಫ್ ಶಾರ್ಪ್ ಮೈನರ್, ಬಿ, ಅಷ್ಟೇ, ಪಲ್ಲವಿ ಆದ್ಮೇಲೆ ಎ ಮೈನರ್‌ಗೆ ಹೋಗಿ ಅಲ್ಲಿ ತೇಲತ್ತೆ. ಇದರ ಮೇಲೆ ಜೇಮರ್ಸನ್ ಒಂದು ಬಾರ್‌ನ (ತಾಳದ ಒಂದು ಸುತ್ತನ್ನ) ಇನ್ನೊಂದು ಸಲ ಅದೇ ಥರ ನುಡಿಸೋದೇ ಇಲ್ಲ ಅನ್ನೋ ಹಾಗೆ ಹೋಗ್ತಾನೆ, ಆದ್ರೂ ಕೇಳೋನಿಗೆ ಬೇಸ್ ಒಂದೇ ಮಾತು ಹೇಳ್ತಿದೆ ಅನ್ನೋ ಭಾವ ಹೋಗಲ್ಲ. ನಮ್ಮ ಕಡೆ ಕೃತಿಯ ಒಂದೇ ಸಾಲಿಗೆ ಸಂಗತಿ ಮೇಲೆ ಸಂಗತಿ ಹಾಕ್ತಾರಲ್ಲ, ಹಾಗೆ.

ನನ್ನ ವಾದ ಇಷ್ಟೇ. ಈ ಹಾಡಿನ ಕವರ್‌ಗಳಲ್ಲಿ, ಅಂದ್ರೆ ಬೇರೆಯವರು ಮತ್ತೆ ಹಾಡಿದ್ದರಲ್ಲಿ, ಮುಕ್ಕಾಲು ಪಾಲು ಸೋಲೋದು ಹಾಡುಗಾರರಿಂದ ಅಲ್ಲ, ಬೇಸ್‌ನ ಎರಡು ಬಾರ್‌ನ ಒಂದು ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ತುಣುಕು, ಮಾಡಿ ಕಟ್ಟಿ ಹಾಕೋದ್ರಿಂದ. ಬೇಸ್ ನಿಂತ ಕೂಡ್ಲೇ ಹಾಡು ಸುಂದರವಾದ ಲಿಫ್ಟ್ ಮ್ಯೂಸಿಕ್ ಆಗ್ಬಿಡತ್ತೆ. ಒಪ್ತೀರಾ ಇಲ್ವಾ, ನಿಮಗಿಷ್ಟವಾದ ಕವರ್ ಯಾವ್ದು, ಹೇಳಿ.

ಹುಬ್ಬಳ್ಳಿ_ಡ್ರಮ್ಮರ್:
ಒಪ್ಪಂಗಿಲ್ರಿ. ನೀವು ಬೇಸ್ ಮಂದಿ ಎಲ್ಲಾ ಹಾಡೂ ನಿಮ್ದಾ ಅಂತೀರಿ. ಆ ರೆಕಾರ್ಡಿನ್ಯಾಗ ಕೈಲೆ ಬಾರಿಸೋ ಕಾಂಗಾ, ಬೊಂಗೋ ತಗದು ಕೇಳ್ರಿ ನೋಡೋಣ, ನಿಮ್ಮ ಜೇಮರ್ಸನ್ ಅರ್ಧ ಕಡಿಮಿ ಆಗ್ತಾನ. ಇನ್ನೊಂದು ಮಾತು, ಡ್ರಮ್ಸ್ ಬಾರಿಸ್ದಾವ ಈ ಹಾಡು ತಗದ ಮೋಟೌನ್ ರೆಕಾರ್ಡ್ ಕಂಪನಿಯ ಖಾಯಂ ಮನಷ್ಯಾ ಅಲ್ಲ, ಚೆಟ್ ಫಾರೆಸ್ಟ್ ಅಂತ. ಅವರ ಖಾಯಂ ಡ್ರಮ್ಮರ್ ಬೆನ್ನಿ ಬೆಂಜಮಿನ್ 1969ರಾಗ ತೀರ್ಕೊಂಡಿದ್ದ. ಅವನ ಜೋಡಿ ಜೇಮರ್ಸನ್ ಎಷ್ಟು ವರ್ಷ ಬಾರಿಸ್ಯಾನ ಲೆಕ್ಕಾ ಇಲ್ಲ, ಇಬ್ರೂ ಒಬ್ರನ್ನೊಬ್ರು ದೂಕೋದು ಮೊದಲಿನ ಹಾಡಿನ್ಯಾಗ ಕೇಳ್ತದ. ಇಲ್ಲಿ ಫಾರೆಸ್ಟ್ ಸುಮ್ನ ಸಣ್ಣಗ ಹಿಡದಾನ, ಜಾಗಾ ಬಿಟ್ಟಾನ. ಜಾಗಾ ಬಿಟ್ಟಾವ ಇದ್ದದ್ದಕ್ಕ ಅಲ್ರಿ ನಿಮ್ಮಾವ ಅಷ್ಟು ಓಡ್ಯಾಡಿದ್ದು?

ತಗ್ಗುತಂತಿ:
ಅದನ್ನ ಯಾರು ಇಲ್ಲ ಅಂದ್ರು ಸಾರ್. ಡ್ರಮ್ಸ್ ಜಾಗ ಬಿಡದಿದ್ರೆ ಆ ಹದಿನಾರನೇ ನೋಟ್‌ಗಳು, ಅಂದ್ರೆ ಒಂದು ಬೀಟ್‌ಗೆ ನಾಲ್ಕು ಬರೋ ಸಣ್ಣ ನೋಟ್‌ಗಳು, ಎಲ್ಲಿ ಕೂರ್ಬೇಕು.

ಹೊಸ_ಸ್ಟ್ರಿಂಗ್ಸ್:
ಅಣ್ಣ ತಪ್ಪು ತಿಳ್ಕೊಬೇಡಿ, ಹೆಡ್‌ಫೋನ್ ಹಾಕ್ಕೊಂಡು ಕೇಳ್ದೆ, ಹಾಡು ಚೆನ್ನಾಗಿದೆ ಆದ್ರೆ ಬೇಸ್ ಅಷ್ಟೇನೂ ಕಷ್ಟ ಅನ್ನಿಸ್ಲಿಲ್ಲ, ಹೆಬ್ಬೆರಳಲ್ಲಿ ತಂತಿಗೆ ಹೊಡೆಯೋ ಸ್ಲ್ಯಾಪ್ ಇಲ್ಲ, ಸೋಲೋ ಇಲ್ಲ, ಸೌಂಡ್ ಕೂಡ ಮಂಕು ಮಂಕಾಗಿದೆ, ಕಂಬಳಿ ಒಳಗಿಂದ ಬಂದಂಗೆ. ಇದನ್ನ ಯಾಕೆ ಎಲ್ರೂ ತಲೆ ಮೇಲೆ ಹೊತ್ಕೊಂಡಿದಾರೆ?

ಕುಡ್ಲ_ಬೇಸ್:
ಹಹಹ ಮಾರಾಯ, ನೀನು ಒಂದು ಕೆಲಸ ಮಾಡು. ಅದರ ಬೇಸ್ ಮತ್ತು ಹಾಡು ಮಾತ್ರ ಇರುವ ಟ್ರ್ಯಾಕ್ ಯೂಟ್ಯೂಬಿನಲ್ಲಿ ಉಂಟು. ಮೊದಲ ಚರಣದ ಎಂಟು ಬಾರ್ ಕೇಳಿ ನುಡಿಸು, ರೆಕಾರ್ಡ್ ಮಾಡು, ಆಮೇಲೆ ಎರಡನ್ನೂ ಒಟ್ಟಿಗೆ ಹಾಕು. ನೋಟ್ ಸಿಗ್ತದೆ, ನೋಟ್ ದೊಡ್ಡ ವಿಷಯ ಅಲ್ಲ. ಯಾವ ನೋಟನ್ನು ಎಷ್ಟು ಹೊತ್ತು ಹಿಡಿದು ಎಲ್ಲಿ ಬಿಟ್ಟಿದ್ದಾರೆ ಎನ್ನುವುದು ಉಂಟಲ್ಲ, ಅಲ್ಲಿ ಸಿಕ್ಕಿ ಬೀಳ್ತಿ. ಮತ್ತೆ ಇದೆಲ್ಲ ಬಲಗೈಯ ಒಂದೇ ಬೆರಳಿನಲ್ಲಿ, ತೋರುಬೆರಳು ಮಾತ್ರ. ಆ ಬೆರಳಿಗೆ ಹುಕ್ ಅಂತ ಅಡ್ಡಹೆಸರೇ ಇತ್ತು.

ಮಂಕು ಸೌಂಡ್ ಎಂತಕ್ಕೆ ಅಂದ್ರೆ, ಜೇಮರ್ಸನ್ ಹತ್ತಿರ ಇದ್ದದ್ದು 1962ರ ಫೆಂಡರ್ ಪ್ರಿಸಿಷನ್ ಬೇಸ್, ಲಾ ಬೆಲ್ಲಾ ಕಂಪನಿಯ ದಪ್ಪದ ಫ್ಲಾಟ್‌ವೂಂಡ್ (ಮೇಲ್ಮೈ ನುಣುಪಾದ) ತಂತಿ, ಬ್ರಿಜ್ ಮೇಲಿನ ಕವರಿನ ಅಡಿಯಲ್ಲಿ ಸ್ಪಂಜು. ತಂತಿ ತುಂಡಾದರೆ ಮಾತ್ರ ಬದಲಿಸುವುದು. ಕೊಳೆಯಲ್ಲೇ ಫಂಕ್ ಇರುವುದು ಎಂದು ಅವರು ಹೇಳ್ತಿದ್ದರಂತೆ. ಸ್ಟುಡಿಯೋದಲ್ಲಿ ಆಂಪ್ಲಿಫೈಯರ್ ಇಲ್ಲದೆ ನೇರ ಬೋರ್ಡಿಗೆ ಹಾಕಿ ರೆಕಾರ್ಡಿಂಗ್. ಇವತ್ತು ಪೆಡಲ್ ಮೇಲೆ ಪೆಡಲ್ ಇಟ್ಟು ಆ ಸೌಂಡ್ ಹುಡುಕುವವರನ್ನು ಕಂಡರೆ ನಗು ಬರ್ತದೆ.

ಹೊಸ_ಸ್ಟ್ರಿಂಗ್ಸ್:
ಒಂದೇ ಬೆರಳಾ?? ಆ ಸ್ಪೀಡಲ್ಲಾ??

ಕುಡ್ಲ_ಬೇಸ್:
ಹೌದು. ಅವರು ಮೊದಲು ಡಬಲ್ ಬೇಸ್ ನುಡಿಸುವವರು, ನಿಂತು ನುಡಿಸುವ ದೊಡ್ಡದು, ಜಾಝ್. ಆ ಬೆರಳು ಅಲ್ಲಿಂದ ಬಂದದ್ದು. ಓಪನ್, ಅಂದರೆ ಎಡಗೈಯಲ್ಲಿ ಒತ್ತದ, ತಂತಿಯನ್ನು ಮಧ್ಯೆ ಮಧ್ಯೆ ತಾಗಿಸಿ ಎಡಗೈ ಜಾಗ ಬದಲಿಸುವ ಅಭ್ಯಾಸವೂ ಅಲ್ಲಿಂದಲೇ. ನೋಟ್ ಕೀಗೆ ಹೊಂದ್ತದಾ ಇಲ್ವಾ ಅಂತ ನೋಡುವುದೇ ಇಲ್ಲ ಮಾರಾಯ, ಮುಂದಿನ ನೋಟಿಗೆ ಹೋಗುವ ಮೆಟ್ಟಿಲಾದರೆ ಸಾಕು. ಈ ಹಾಡು ಇ ಕೀಯಲ್ಲಿ ಇರುವ ಕಾರಣ ಕೆಳಗಿನ ಇ ತಂತಿ ಪೂರ್ತಿ ಅವರ ಕೈಗೆ ಸಿಕ್ಕಿದೆ.

ಡೆಟ್ರಾಯ್ಟ್_ಕನ್ನಡಿಗ:
ಈ ಥ್ರೆಡ್ ನೋಡಿ ಸುಮ್ನಿರಕ್ಕಾಗ್ಲಿಲ್ಲ, ನಾನಿರೋದು ಡೆಟ್ರಾಯ್ಟ್ ಪಕ್ಕದಲ್ಲೇ. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿ ಮೋಟೌನ್‌ನ ಹಿಟ್ಸ್‌ವಿಲ್ ಮನೆ ಈಗ ಮ್ಯೂಸಿಯಂ, ಊರಿಂದ ಯಾರು ಬಂದ್ರೂ ಕರ್ಕೊಂಡು ಹೋಗ್ತೀನಿ. ಹೊರಗಿಂದ ನೋಡಿದ್ರೆ ಒಂದು ಸಾಧಾರಣ ಮನೆ, ಒಳಗೆ ಸ್ಟುಡಿಯೋ ಎ, ಸಂಗೀತಗಾರರು ಅದಕ್ಕೆ ಹಾವಿನ ಗುಂಡಿ ಅಂತಿದ್ರು, ಸ್ನೇಕ್‌ಪಿಟ್, ವೈರ್‌ಗಳೆಲ್ಲ ಮೇಲಿಂದ ನೇತಾಡ್ತಿದ್ವು ಅಂತ. ಅಷ್ಟು ಸಣ್ಣ ಜಾಗದಲ್ಲಿ ಎರಡ್ಮೂರು ಗಿಟಾರು, ಪಿಯಾನೋ, ಡ್ರಮ್ಸು, ಬೇಸು ಎಲ್ಲಾ ತುಂಬ್ಕೊಂಡು ಹತ್ತು ವರ್ಷ ಹಿಟ್ ಮೇಲೆ ಹಿಟ್ ಕೊಟ್ಟಿದಾರೆ. ಒಳಗೆ ಹೋದವ್ರು ಮೊದಲು ಹೇಳೋ ಮಾತು ಇಷ್ಟೇನಾ ಅಂತ.

ಹಾಡು ಹುಟ್ಟಿದ್ದು ಮಾತ್ರ ಡೆಟ್ರಾಯ್ಟಲ್ಲಲ್ಲ. ಫೋರ್ ಟಾಪ್ಸ್ ಗುಂಪಿನ ಓಬಿ ಬೆನ್ಸನ್ 1969ರಲ್ಲಿ ಟೂರ್‌ನಲ್ಲಿದ್ದಾಗ ಬರ್ಕ್ಲಿಯ ಪೀಪಲ್ಸ್ ಪಾರ್ಕ್ ಹತ್ರ ಪೊಲೀಸರು ಪ್ರತಿಭಟನೆ ಮಾಡ್ತಿದ್ದ ಹುಡುಗರನ್ನ ಹೊಡೆಯೋದು ನೋಡಿದ್ರು. ಏನ್ ನಡೀತಿದೆ ಇಲ್ಲಿ ಅನ್ನೋ ಪ್ರಶ್ನೆ ಅಲ್ಲಿಂದ ಬಂತು. ಆಲ್ ಕ್ಲೀವ್‌ಲೆಂಡ್ ಜೊತೆ ಕೂತು ಬರೆದ್ರು, ಸ್ವಂತ ಗುಂಪಿನವರೇ ಬೇಡ ಅಂದ್ರು, ಪ್ರತಿಭಟನೆ ಹಾಡು ನಮಗ್ಯಾಕೆ ಅಂತ. ಕೊನೆಗೆ ಮಾರ್ವಿನ್ ಗೇ ಹತ್ರ ಬಂತು. ಗೇ ತಮ್ಮ ಫ್ರ್ಯಾಂಕಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದ, ಜೊತೆಗೆ ಹಾಡ್ತಿದ್ದ ಟ್ಯಾಮಿ ಟೆರೆಲ್ 1970ರ ಮಾರ್ಚಲ್ಲಿ ತೀರ್ಕೊಂಡಿದ್ರು. ಆ ವರ್ಷ ಜೂನಲ್ಲಿ ರೆಕಾರ್ಡಿಂಗ್ ಶುರುವಾಯ್ತು. ಮೋಟೌನ್ ಮಾಲೀಕ ಬೆರ್ರಿ ಗಾರ್ಡಿಗೆ ಹಾಡು ಹಿಡಿಸ್ಲಿಲ್ಲ, ಇದು ಮಾರಾಟ ಆಗಲ್ಲ ಅಂತ ತಿಂಗಳುಗಟ್ಲೆ ಕೂರಿಸ್ದ. ಗೇ ನಾನು ಬೇರೆ ಏನೂ ರೆಕಾರ್ಡ್ ಮಾಡಲ್ಲ ಹೋಗು ಅಂದ. ಬಿಡುಗಡೆ ಆದ್ಮೇಲೆ ಪಾಪ್ ಪಟ್ಟಿಯಲ್ಲಿ 2ನೇ ಸ್ಥಾನ, ಆರ್ ಅಂಡ್ ಬಿ ಪಟ್ಟಿಯಲ್ಲಿ 1. ಆಮೇಲೆ ಅದೇ ಗಾರ್ಡಿ ಬೇಗ ಆಲ್ಬಂ ಮಾಡಿಕೊಡಪ್ಪ ಅಂತ ಹಿಂದೆ ಬಿದ್ದ.

ಮಲ್ಲೇಶ್ವರಂ_ಕೀಬೋರ್ಡ್:
ಮಲಗಿಕೊಂಡು ನುಡಿಸಿದ ಕಥೆ ಇನ್ನೂ ಯಾರೂ ಹೇಳ್ಲಿಲ್ವಲ್ಲ ಅಂತ ಕಾಯ್ತಿದ್ದೆ :)

ಹೊಸ_ಸ್ಟ್ರಿಂಗ್ಸ್:
ಏನದು

ತಗ್ಗುತಂತಿ:
ಸರಿ ನಾನೇ ಹೇಳ್ತೀನಿ. ಗೇಗೆ ಜೇಮರ್ಸನ್ನೇ ಬೇಕಿತ್ತು, ಹುಡುಕ್ಕೊಂಡು ಹೋದ್ರೆ ಅವ್ನು ಯಾವ್ದೋ ಕ್ಲಬ್ಬಲ್ಲಿ ನುಡಿಸ್ತಿದ್ದ, ಕರ್ಕೊಂಡು ಬಂದ್ರು, ಕುಡಿದಿದ್ದು ಜಾಸ್ತಿಯಾಗಿ ಸ್ಟೂಲ್ ಮೇಲೆ ನೆಟ್ಟಗೆ ಕೂರಕ್ಕಾಗ್ತಿರ್ಲಿಲ್ಲ, ನೆಲದ ಮೇಲೆ ಅಂಗಾತ ಮಲಗಿ ಬೇಸ್ ಎದೆ ಮೇಲಿಟ್ಕೊಂಡು ನುಡಿಸ್ದ ಅಂತ ಕಥೆ. ಹೇಳಿ ಹೇಳಿ ಇದು ಪುರಾಣ ಆಗಿದೆ. ನನಗೆ ಈ ಕಥೆ ಮೇಲೆ ಒಂಚೂರು ಸಿಟ್ಟಿದೆ ನಿಜ ಹೇಳ್ಬೇಕಂದ್ರೆ. ಕುಡಿದು ಮಲಗಿ ನುಡಿಸಿದ್ದು ಎಲ್ರಿಗೂ ಗೊತ್ತು, ಅರೇಂಜರ್ ಡೇವಿಡ್ ವ್ಯಾನ್ ಡಿಪಿಟ್ ಬೇಸ್‌ಗೆ ನೋಟೇಶನ್ ಬರೆದು ಮುಂದೆ ಇಟ್ಟಿದ್ದು, ಜೇಮರ್ಸನ್ ಅದನ್ನ ಓದ್ತಾ ನುಡಿಸಿದ್ದು ಯಾರಿಗೂ ಬೇಡ. ಅಂದ್ರೆ ಅಲ್ಲಿ ಮೂರು ತಲೆ ಕೆಲಸ ಮಾಡಿದೆ, ಗೇ ಹೇಳಿದ ಭಾವ, ವ್ಯಾನ್ ಡಿಪಿಟ್ ಬರೆದ ಚಾರ್ಟು, ಅದರ ಮೇಲೆ ಜೇಮರ್ಸನ್ ಕೈಗುಣ. ನಶೆಯಲ್ಲಿ ಸರಸ್ವತಿ ಒಲಿದ್ಲು ಅನ್ನೋ ಥರ ಹೇಳೋದು ಆ ಮನುಷ್ಯನ ವರ್ಷಗಳ ವಿದ್ಯೆಗೆ ಅವಮಾನ. ಆ ಕುಡಿತಾನೇ 47ನೇ ವಯಸ್ಸಿಗೆ ಅವನನ್ನ ತಿಂದಿದ್ದು, 1983ರಲ್ಲಿ.

ಡೆಟ್ರಾಯ್ಟ್_ಕನ್ನಡಿಗ:
+1. ಅದೇ ವರ್ಷ ಮಾರ್ಚಲ್ಲಿ ಮೋಟೌನ್‌ಗೆ 25 ತುಂಬಿದ ದೊಡ್ಡ ಟಿವಿ ಕಾರ್ಯಕ್ರಮ ಪ್ಯಾಸಡೀನಾದಲ್ಲಿ ನಡೀತು, ಜೇಮರ್ಸನ್ ಟಿಕೆಟ್ ತಗೊಂಡು ಹೋಗಿ ಹಿಂದಿನ ಸಾಲಲ್ಲಿ ಕೂತು ನೋಡಿದ್ರಂತೆ. ವೇದಿಕೆ ಮೇಲಿದ್ದ ಮುಕ್ಕಾಲು ಹಾಡುಗಳ ಬೇಸ್ ಅವರದ್ದೇ. ಆ 62ರ ಪ್ರಿಸಿಷನ್ ಬೇಸ್ ಕೂಡ ಸಾಯೋಕೆ ಕೆಲವೇ ದಿನ ಮುಂಚೆ ಕಳುವಾಯ್ತು.

ಆದ್ರೆ ಈ ಆಲ್ಬಂ ಒಂದು ವಿಷಯದಲ್ಲಿ ನ್ಯಾಯ ಮಾಡಿದೆ. ಅಲ್ಲೀವರೆಗೆ ಮೋಟೌನ್ ಆಲ್ಬಂಗಳಲ್ಲಿ ವಾದ್ಯದವರ ಹೆಸರೇ ಹಾಕ್ತಿರ್ಲಿಲ್ಲ. ಇದರಲ್ಲಿ ಹಾಕಿದ್ರು, ಜೇಮರ್ಸನ್ ಹೆಸರಿನ ಹಿಂದೆ ಹೋಲಿಕೆಯೇ ಇಲ್ಲದ ಅನ್ನೋ ವಿಶೇಷಣನೂ ಸೇರಿಸಿದ್ರು.

ಹುಬ್ಬಳ್ಳಿ_ಡ್ರಮ್ಮರ್:
ಇದು ಗೊತ್ತಿರ್ಲಿಲ್ರಿ. ಟಿಕೆಟ್ ತಗೊಂಡು ಹೋಗ್ಯಾನ ಅಂದ್ರ... ಛೆ.

ಕುಡ್ಲ_ಬೇಸ್:
ಒಂದು ವಿಷಯ ಸ್ಪಷ್ಟ ಮಾಡುವ. ಆಲ್ಬಂ ಪೂರ್ತಿ ಜೇಮರ್ಸನ್ ಅಲ್ಲ. ಮರ್ಸಿ ಮರ್ಸಿ ಮಿ, ಇನ್ನರ್ ಸಿಟಿ ಬ್ಲೂಸ್ ಎರಡೂ ಬಾಬ್ ಬ್ಯಾಬಿಟ್. ಇನ್ನರ್ ಸಿಟಿ ಬ್ಲೂಸ್ ಬೇಸ್ ಕೇಳಿ, ಅದು ಹಠ ಹಿಡಿದ ಹಾಗೆ ಒಂದೇ ಕಡೆ ಸುತ್ತುತ್ತದೆ, ಅದೇ ಅದರ ಶಕ್ತಿ. ಹಾಗಾಗಿ ತಗ್ಗುತಂತಿಯವರೇ, ರಿಫ್ ಕಟ್ಟಿದ ಕೂಡಲೇ ಹಾಡು ಸತ್ತಿತು ಅನ್ನುವ ನಿಮ್ಮ ಮಾತು ಅದೇ ಆಲ್ಬಂನಲ್ಲೇ ಸುಳ್ಳಾಗ್ತದೆ ಮಾರಾಯ್ರೆ.

ತಗ್ಗುತಂತಿ:
ಎಲ್ಲಾ ಹಾಡಿಗೂ ಹೇಳ್ತಿಲ್ಲ, ಈ ಹಾಡಿಗೆ ಹೇಳ್ತಿರೋದು. ಇನ್ನರ್ ಸಿಟಿ ಬ್ಲೂಸಲ್ಲಿ ಹಾಡೋನು ಸಿಕ್ಕಿಹಾಕ್ಕೊಂಡಿದಾನೆ, ಬಾಡಿಗೆ ತೆರಿಗೆ ಅಂತ ಉಸಿರು ಕಟ್ಟಿದೆ, ಬೇಸ್ ಸುತ್ತಿದ್ರೇನೇ ಸರಿ. ವಾಟ್ಸ್ ಗೋಯಿಂಗ್ ಆನ್‌ನಲ್ಲಿ ಅವನು ಅಮ್ಮನ ಹತ್ರ, ಅಣ್ಣತಮ್ಮಂದಿರ ಹತ್ರ, ಅಪ್ಪನ ಹತ್ರ ಒಬ್ಬೊಬ್ಬರಿಗೂ ಬೇರೆ ಬೇರೆ ಥರ ಕೇಳ್ಕೊತಿದಾನೆ, ಬೇಸ್ ಪ್ರತಿಯೊಬ್ಬರ ಹತ್ರನೂ ಅದೇ ವಾಕ್ಯ ಒಪ್ಪಿಸಿದ್ರೆ ಹೇಗೆ.

ಸ್ವರಮಾಲೆ:
ಹಾಡೋರು ಯಾರೂ ಮಾತಾಡ್ತಿಲ್ಲ ಅಂತ ಬಂದೆ :) ನೀವೆಲ್ಲ ಬೇಸ್ ಬೇಸ್ ಅಂತೀರ, ಈ ಹಾಡಲ್ಲಿ ಮಾರ್ವಿನ್ ಗೇ ಇಬ್ಬರಿದಾರೆ ಗಮನಿಸಿದೀರಾ? ಒಂದು ದನಿ ಹಾಡ್ತಿರತ್ತೆ, ಇನ್ನೊಂದು ಅದರ ಪಕ್ಕದಲ್ಲೇ ಒಂಚೂರು ಹಿಂದೆ ಮುಂದೆ ತೇಲತ್ತೆ. ಎರಡು ಟೇಕ್ ಹಾಡಿ ಯಾವ್ದು ಇಡೋದು ಅಂತ ಕೇಳೋಕೆ ಹೋದಾಗ ಇಂಜಿನಿಯರ್ ಕೈತಪ್ಪಿ ಎರಡೂ ಒಟ್ಟಿಗೆ ಕೇಳಿಸ್ಬಿಟ್ರು, ಗೇ ಅದನ್ನೇ ಇಟ್ಕೊಂಡ್ರು. ಆಮೇಲೆ ಜೀವನ ಪೂರ್ತಿ ಅವರ ಶೈಲಿನೇ ಅದಾಯ್ತು. ಶುರುವಲ್ಲಿ ಬರೋ ಸ್ಯಾಕ್ಸೋಫೋನ್ ಕೂಡ ಅಷ್ಟೇ, ಈಲೈ ಫೌಂಟನ್ ಕೈ ಬಿಸಿ ಮಾಡ್ಕೊಳ್ಳೋಕೆ ಸುಮ್ನೆ ಊದಿದ್ದು, ಟೇಕ್ ಅಂತ ಅಲ್ಲ. ಅದನ್ನ ಕೇಳಿ ಆಯ್ತು ಮನೆಗೆ ಹೋಗಿ ಅಂದ್ರಂತೆ. ಹಿಂದೆ ಹರಟೆ ಹೊಡೆಯೋ ದನಿಗಳಲ್ಲಿ ಡೆಟ್ರಾಯ್ಟ್ ಲಯನ್ಸ್ ಫುಟ್‌ಬಾಲ್ ಆಟಗಾರರಿದಾರೆ, ಮೆಲ್ ಫಾರ್, ಲೆಮ್ ಬಾರ್ನಿ.

ಕವರ್ ಹಾಡೋರು ಸೋಲೋದು ಇಲ್ಲೇ. ಒಬ್ಬರೇ ನಿಂತು ಜೋರಾಗಿ ಪ್ರತಿಭಟನೆ ಹಾಡು ಅಂತ ಹಾಡ್ತಾರೆ. ಮೂಲದಲ್ಲಿ ಎಲ್ಲೂ ಕೂಗಾಟ ಇಲ್ಲ, ಕೋಪ ಇದೆ ಆದ್ರೆ ದನಿ ಏರ್ಸಲ್ಲ. ಅದು ತುಂಬಾ ಕಷ್ಟ, ಹಾಡಿ ನೋಡಿ ಗೊತ್ತಾಗತ್ತೆ.

ಮಲ್ಲೇಶ್ವರಂ_ಕೀಬೋರ್ಡ್:
ಮೇಡಂ ಸರಿಯಾಗಿ ಹೇಳಿದ್ರಿ. ಅದಕ್ಕೇ ನನ್ನ ವೋಟು ಡಾನಿ ಹಾಥವೇ. 1972ರ ಲೈವ್ ಆಲ್ಬಂ, ಮೊದಲ ಹಾಡೇ ಇದು. ಆ ಮುಖದಲ್ಲಿರೋದು ಹಾಲಿವುಡ್‌ನ ಟ್ರೂಬಡೂರ್ ಕ್ಲಬ್ಬಲ್ಲಿ ರೆಕಾರ್ಡ್ ಆಗಿದ್ದು, ಇನ್ನೊಂದು ಮುಖ ನ್ಯೂಯಾರ್ಕಿನ ಬಿಟರ್ ಎಂಡಲ್ಲಿ. ಸ್ಟ್ರಿಂಗ್ಸ್ ಇಲ್ಲ, ಎರಡು ದನಿ ಇಲ್ಲ, ಹಿನ್ನೆಲೆ ಹರಟೆ ಇಲ್ಲ. ಎಲೆಕ್ಟ್ರಿಕ್ ಪಿಯಾನೋ, ಗಿಟಾರ್, ಬೇಸ್, ಡ್ರಮ್ಸ್, ಕಾಂಗಾ. ಸ್ಟುಡಿಯೋದಲ್ಲಿ ಅಷ್ಟೊಂದು ಪದರ ಹಾಕಿ ಕಟ್ಟಿದ ಹಾಡನ್ನ ಒಂದು ಸಣ್ಣ ಕ್ಲಬ್ಬಲ್ಲಿ ಐದಾರು ಜನ ಬಿಚ್ಚಿ ಮತ್ತೆ ಕಟ್ಟಿದಾರೆ. ಹರಟೆ ಬೇಕಾದ್ರೆ ಮುಂದೆ ಕೂತಿರೋ ಜನಾನೇ ಇದಾರಲ್ಲ, ಅವರ ಉಸಿರೂ ಕೇಳ್ಸತ್ತೆ. ನಾನು ಕೀಬೋರ್ಡ್ ನುಡಿಸೋನಾಗಿ ಹೇಳ್ತೀನಿ, ಹಾಥವೇ ಹಾಡ್ತಾ ಹಾಡ್ತಾ ಎಡಗೈ ಎಷ್ಟು ಕಮ್ಮಿ ಬಳಸ್ತಾರೆ ಅಂದ್ರೆ ಪೂರ್ತಿ ನೆಲ ಬೇಸ್‌ಗೆ ಬಿಟ್ಟುಕೊಟ್ಟಿದಾರೆ ಅನ್ಸತ್ತೆ, ನಮ್ಮಲ್ಲಿ ಎಷ್ಟು ಜನಕ್ಕೆ ಅಷ್ಟು ಔದಾರ್ಯ ಇದೆ ಹೇಳಿ, ಎಡಗೈಯಲ್ಲೂ ಬೇಸ್ ನುಡಿಸ್ತಾ ಬೇಸಿಸ್ಟ್ ಜೊತೆ ಜಗಳಕ್ಕೆ ಬೀಳೋರೇ ಎಲ್ಲ.

ತಗ್ಗುತಂತಿ:
ಬಂತು ನೋಡಿ ನಾನು ಕಾಯ್ತಿದ್ದ ಹೆಸರು! ಅದರಲ್ಲಿ ಬೇಸ್ ವಿಲ್ಲಿ ವೀಕ್ಸ್. ಅದೇ ಆಲ್ಬಂನ ಕೊನೇ ಹಾಡಲ್ಲಿ ಅವರ ಸೋಲೋ ಇದೆಯಲ್ಲ, ಅದನ್ನ ಎಲ್ಲಾ ಬೇಸಿಸ್ಟ್‌ಗಳೂ ಬಾಯಿಪಾಠ ಮಾಡಿರ್ತಾರೆ, ಆದ್ರೆ ಮೊದಲ ಹಾಡಲ್ಲಿ ಅವರು ಮಾಡಿರೋ ಕೆಲಸ ಅದಕ್ಕಿಂತ ದೊಡ್ಡದು ಅಂತ ನನ್ನ ಅನಿಸಿಕೆ. ಜೇಮರ್ಸನ್ ಸಾಲು ಆಗ ಹೊಸದಾಗಿ ಎಲ್ಲರ ಕಿವಿಲೂ ಇತ್ತು, ವೀಕ್ಸ್ ಅದನ್ನ ಮುಟ್ಟಕ್ಕೇ ಹೋಗಲ್ಲ. ನೋಟ್ ಕಮ್ಮಿ, ಕಿಕ್ ಡ್ರಮ್ ಪಕ್ಕದಲ್ಲೇ ಕೂತ್ಕೊತಾರೆ, ಪಿಯಾನೋ ಸೋಲೋ ಬಿಸಿ ಏರ್ತಾ ಹೋದಂಗೆ ಒಂದೊಂದೇ ಹೆಜ್ಜೆ ಬಿಡಿಸ್ತಾರೆ. ಅಂದ್ರೆ ಜೇಮರ್ಸನ್‌ನ ನೋಟ್ ತಗೊಳ್ಲಿಲ್ಲ, ಪಕ್ಕದವನ ಮಾತು ಕೇಳಿ ಉತ್ತರ ಕೊಡೋ ಸ್ವಭಾವ ತಗೊಂಡ್ರು. ನಾನು ಕವರ್ ಅಂದ್ರೆ ಇದನ್ನೇ ಅಂತೀನಿ.

ಹುಬ್ಬಳ್ಳಿ_ಡ್ರಮ್ಮರ್:
ಈ ಕವರಿಗೆ ನಂದೂ ಕೈ ಎತ್ತೇನ್ರಿ. ಯಾಕಂದ್ರ ಡ್ರಮ್ಸ್ ಫ್ರೆಡ್ ವೈಟ್, ಆಗ ಹದಿನಾರು ವರ್ಷದ ಹುಡುಗ! ಮುಂದ ಅರ್ಥ್ ವಿಂಡ್ ಅಂಡ್ ಫೈರ್ ಬ್ಯಾಂಡ್ ಸೇರ್ದ. ಹದಿನಾರಕ್ಕ ಆ ತಾಳ್ಮಿ ಎಲ್ಲಿಂದ ಬಂತೋ. ಮತ್ತ ಕಾಂಗಾ ಬಾರಿಸ್ದಾವ ಯಾರು ನೋಡ್ರಿ, ಅರ್ಲ್ ಡಿರೋವೆನ್, ಮಾರ್ವಿನ್ ಗೇ ಆಲ್ಬಂನಾಗೂ ಅವನ ಹೆಸರು ಐತಿ. ಎರಡೂ ಕಡೆ ಬೇಸ್ ಬ್ಯಾರೆ, ಡ್ರಮ್ಸ್ ಬ್ಯಾರೆ, ಕಾಂಗಾ ಮಾತ್ರ ಅದಾ ಮನಷ್ಯಾ. ಈಗ ಹೇಳ್ರಿ ಹಾಡು ಯಾರ್ದು?

ತಗ್ಗುತಂತಿ:
ಹಹಹ ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ಸಾರ್.

ಸ್ವರಮಾಲೆ:
ಸಿಂಡಿ ಲಾಪರ್ ಹಾಡಿರೋದು ಯಾರಾದ್ರೂ ಕೇಳಿದೀರಾ? ಟ್ರೂ ಕಲರ್ಸ್ ಆಲ್ಬಂದು, 1986. ಸಿಂಗಲ್ ಆಗಿ ಅಮೆರಿಕಾದಲ್ಲಿ 12ರವರೆಗೂ ಹೋಯ್ತು. ನಂಗೆ ಇಷ್ಟ, ಬೈಬೇಡಿ.

ಕುಡ್ಲ_ಬೇಸ್:
ಬೈಯುವುದು ಇಲ್ಲ ಆದರೆ ಶುರುವಿನಲ್ಲೇ ಗುಂಡಿನ ಸದ್ದು ಹಾಕಿದ್ದಾರಲ್ಲ, ಅದು ಎಂತಕ್ಕೆ? ಮೂಲದಲ್ಲಿ ಶುರುವಿಗೆ ಸ್ನೇಹಿತರು ಸೇರಿದ ಗಲಾಟೆ, ಹೇಗಿದ್ದೀಯಾ ಅಂತ ಮಾತು. ಯುದ್ಧದ ಬಗ್ಗೆ ಹಾಡು ಎಂದು ಗೊತ್ತಾಗಲಿಕ್ಕೆ ಗುಂಡು ಬೇಕಾಗಿರಲಿಲ್ಲ. ಮತ್ತೆ ಬೇಸ್ ಎಂಬತ್ತರ ದಶಕದ ಹೊಳೆಯುವ ಸೌಂಡ್, ನನಗೆ ಅಲ್ಲಿಗೇ ಕಿವಿ ಮುಚ್ಚಿಹೋಗ್ತದೆ.

ಸ್ವರಮಾಲೆ:
ಅದು ಆ ಕಾಲದ ಸೌಂಡ್, ಅವರೇನ್ ಮಾಡ್ತಾರೆ ಪಾಪ. ಹಾಡಿರೋದು ಕೇಳಿ, ಗೇ ಅವರ ಥರ ಹಾಡೋಕೆ ಪ್ರಯತ್ನನೇ ಪಡ್ದೆ ತನ್ನ ದನಿಯಲ್ಲಿ ಹಾಡಿದಾರೆ. ಬೇಸಲ್ಲಿ ಸ್ವಂತಿಕೆ ಇರ್ಲಿ ಅನ್ನೋ ನೀವು ದನಿಯಲ್ಲಿ ಸ್ವಂತಿಕೆ ಬಂದ್ರೆ ಮೂಗು ಮುರೀತೀರಲ್ಲ.

ಕುಡ್ಲ_ಬೇಸ್:
ಅದು ನ್ಯಾಯದ ಮಾತು. ಗುಂಡಿನ ವಿಷಯ ಮಾತ್ರ ನಾನು ಬಿಡುವುದಿಲ್ಲ.

ಡೆಟ್ರಾಯ್ಟ್_ಕನ್ನಡಿಗ:
2001ರ ಸ್ಟಾರ್‌ಗಳ ಗುಂಪು ಹಾಡಿರೋದನ್ನ ಲೆಕ್ಕಕ್ಕೆ ತಗೋತೀರಾ? ಬೋನೋ, ಬ್ರಿಟ್ನಿ ಸ್ಪಿಯರ್ಸ್, ಡೆಸ್ಟಿನೀಸ್ ಚೈಲ್ಡ್, ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಎಲ್ರೂ ಇರೋದು, ಏಡ್ಸ್ ನಿಧಿಗೆ ಅಂತ ಮಾಡಿದ್ರು, ರೆಕಾರ್ಡಿಂಗ್ ಆಗಿ ಕೆಲವೇ ದಿನಕ್ಕೆ ಸೆಪ್ಟೆಂಬರ್ 11 ಆಯ್ತು, ಆಮೇಲೆ ಹಣದ ಒಂದು ಪಾಲು ಆ ಕಡೆಗೂ ಹೋಯ್ತು. ಆಗ ರೇಡಿಯೋ ಹಾಕಿದ್ರೆ ಅದೇ.

ತಗ್ಗುತಂತಿ:
ಉದ್ದೇಶ ದೊಡ್ಡದು, ಅದಕ್ಕೆ ಕೈ ಮುಗಿತೀನಿ. ಸಂಗೀತ ಅಂತ ಕೇಳಿದ್ರೆ ಲೂಪ್ ಮೇಲೆ ಲೈನ್ ನಿಂತ್ಕೊಂಡು ಒಬ್ಬೊಬ್ರು ಒಂದೊಂದು ಸಾಲು. ಮುಂದೆ.

ಮಲ್ಲೇಶ್ವರಂ_ಕೀಬೋರ್ಡ್:
ಕ್ವಿನ್ಸಿ ಜೋನ್ಸ್ ಮಾಡಿರೋದು ಮರೀಬೇಡಿ. ಸ್ಮ್ಯಾಕ್‌ವಾಟರ್ ಜ್ಯಾಕ್ ಆಲ್ಬಂ, 1971, ಮೂಲ ಬಂದ ವರ್ಷಾನೇ. ಹತ್ತು ನಿಮಿಷದ ಹತ್ರ ಹೋಗತ್ತೆ. ಜಾಝ್ ದಿಗ್ಗಜರನ್ನೆಲ್ಲ ಕೂರಿಸ್ಕೊಂಡು ಸರದಿ ಮೇಲೆ ಸೋಲೋ, ಟೂಟ್ಸ್ ಥೀಲೆಮನ್ಸ್ ಹಾರ್ಮೋನಿಕಾನೂ ಇದೆ. ಬೇಸ್‌ಗೋಸ್ಕರ ಕೇಳೋ ಕವರ್ ಅಲ್ಲ ಒಪ್ತೀನಿ, ಆದ್ರೆ ಆ ಎರಡು ಕಾರ್ಡ್‌ಗಳ ಮೇಲೆ ಎಷ್ಟೊತ್ತು ಬೇಕಾದ್ರೂ ಇರ್ಬೋದು ಅಂತ ಅಷ್ಟು ಬೇಗ ಕಂಡುಕೊಂಡೋರು ಅವರು.

ಕುಡ್ಲ_ಬೇಸ್:
ನನ್ನ ಆಯ್ಕೆ ಹೇಳ್ತೇನೆ, ಯಾರೂ ನಗಬಾರದು. ಡರ್ಟಿ ಡಜನ್ ಬ್ರಾಸ್ ಬ್ಯಾಂಡ್, ನ್ಯೂ ಆರ್ಲಿಯನ್ಸ್‌ನವರು. ಕತ್ರಿನಾ ಚಂಡಮಾರುತ 2005ರ ಆಗಸ್ಟ್ 29ಕ್ಕೆ ಊರು ಮುಳುಗಿಸಿತು. ಸರಿಯಾಗಿ ಒಂದು ವರ್ಷಕ್ಕೆ ಇವರು ಮಾರ್ವಿನ್ ಗೇಯ ಆ ಆಲ್ಬಂ ಇಡೀ ತಮ್ಮ ರೀತಿಯಲ್ಲಿ ಮಾಡಿ ಬಿಟ್ಟರು. ಈ ಹಾಡಿಗೆ ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ಗುಂಪಿನ ಚಕ್ ಡಿ ಬಂದು ಮಾತು ಸೇರಿಸಿದ್ದಾರೆ. ಬೇಸ್ ಗಿಟಾರಿನ ಕೆಲಸ ಮಾಡುವುದು ಸೂಸಫೋನ್, ಮೈಗೆ ಸುತ್ತಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ. ಜೇಮರ್ಸನ್ ಥರ ಊದಲಿಕ್ಕೆ ಸಾಧ್ಯವೇ ಇಲ್ಲ, ಉಸಿರು ಬೇಕಲ್ಲ, ಎಲ್ಲಿ ಉಸಿರು ತಕ್ಕೊಳ್ಳಬೇಕೋ ಅಲ್ಲಿ ಬೇಸ್ ನಿಲ್ಲಲೇಬೇಕು. ಆ ನಿಲ್ಲುವುದರಲ್ಲಿಯೇ ಹಾಡಿಗೆ ಬೇರೆ ನಡೆ ಬಂದಿದೆ, ಮೆರವಣಿಗೆಯ ನಡೆ. ಮನೆ ಕಳೆದುಕೊಂಡ ಊರಿನವರು ಏನು ನಡೀತಾ ಉಂಟು ಇಲ್ಲಿ ಅಂತ ಕೇಳುವಾಗ ಅದು ವಿಯೆಟ್ನಾಂ ಪ್ರಶ್ನೆ ಅಲ್ಲ, ಸರಕಾರ ಎಲ್ಲಿಗೆ ಹೋಗಿತ್ತು ಎನ್ನುವ ಪ್ರಶ್ನೆ. ಹಾಡಿಗೆ ಹೊಸ ಕಾರಣ ಸಿಕ್ಕಿತು.

ತಗ್ಗುತಂತಿ:
ಇದನ್ನ ನಾನು ಕೇಳಿದೀನಿ, ಆದ್ರೆ ಉಸಿರಿನ ವಿಷಯ ಯೋಚ್ನೆ ಮಾಡಿರ್ಲಿಲ್ಲ. ಈಗ ಮತ್ತೆ ಹಾಕಿದೀನಿ, ನೀವು ಹೇಳಿದ್ದು ಸರಿಯಾಗಿ ಕೇಳ್ತಿದೆ.

ಡೆಟ್ರಾಯ್ಟ್_ಕನ್ನಡಿಗ:
2002ರ ಸ್ಟ್ಯಾಂಡಿಂಗ್ ಇನ್ ದ ಶ್ಯಾಡೋಸ್ ಆಫ್ ಮೋಟೌನ್ ಸಾಕ್ಷ್ಯಚಿತ್ರದಲ್ಲಿ ಚಾಕಾ ಖಾನ್ ಈ ಹಾಡು ಹಾಡಿದಾರೆ, ಹಿನ್ನೆಲೆಗೆ ಫಂಕ್ ಬ್ರದರ್ಸ್, ಅಂದ್ರೆ ಮೋಟೌನ್ ಸ್ಟುಡಿಯೋ ವಾದ್ಯದವರಲ್ಲಿ ಆಗ ಉಳಿದಿದ್ದೋರೇ. ಗ್ರ್ಯಾಮಿನೂ ಬಂತು. ವಾದ್ಯದವರ ಮುಖ ನೋಡೋಕೆ ಆದ್ರೂ ನೋಡಿ, ನಲವತ್ತು ವರ್ಷ ಯಾರಿಗೂ ಗೊತ್ತಿಲ್ದೆ ಇದ್ದೋರು.

ಹೊಸ_ಸ್ಟ್ರಿಂಗ್ಸ್:
ಕುಡ್ಲ ಅಣ್ಣ ಹೇಳಿದಂಗೆ ಆ ಬೇಸ್ ಟ್ರ್ಯಾಕ್ ಜೊತೆ ಕೂತಿದ್ದೆ. ಮೊದಲ ನಾಲ್ಕು ಬಾರ್ ಬಂತು ಅನ್ಕೊಂಡು ಮುಂದಿನ ನಾಲ್ಕಕ್ಕೆ ಹೋದ್ರೆ ಅದು ಬೇರೆ, ಸರಿ ಅಂತ ಅದನ್ನ ಕಲಿತು ಎರಡನೇ ಚರಣಕ್ಕೆ ಹೋದ್ರೆ ಅಲ್ಲಿ ಇನ್ನೊಂದು. ಎಲ್ಲಾನೂ ಬಾಯಿಪಾಠ ಮಾಡ್ಬೇಕಾ ಅಥವಾ ಒಂದು ಐಡಿಯಾ ಹಿಡ್ಕೊಂಡು ನನಗೆ ಬಂದಂಗೆ ನುಡಿಸ್ಲಾ?

ಕುಡ್ಲ_ಬೇಸ್:
ಎಲ್ಲ ಬಾಯಿಪಾಠ ಮಾಡು. ಒಂದು ನೋಟ್ ಬಿಡಬೇಡ.

ತಗ್ಗುತಂತಿ:
ನಾನು ಉಲ್ಟಾ ಹೇಳ್ತೀನಿ. ಜೇಮರ್ಸನ್ನೇ ತನ್ನನ್ನ ತಾನು ನಕಲು ಮಾಡ್ಲಿಲ್ಲ. 1972ರ ಮೇ 1ಕ್ಕೆ ವಾಷಿಂಗ್ಟನ್ನಿನ ಕೆನಡಿ ಸೆಂಟರಲ್ಲಿ ಮಾರ್ವಿನ್ ಗೇ ಕಛೇರಿ ಮಾಡ್ದ, ಅವನ ಹುಟ್ಟೂರು ಅದು, ಬೇಸ್‌ಗೆ ಜೇಮರ್ಸನ್ನೇ ಇದ್ದ. 2001ರ ಡಿಲಕ್ಸ್ ಆವೃತ್ತಿಯಲ್ಲಿ ಆ ರೆಕಾರ್ಡಿಂಗ್ ಇದೆ, ಆಮೇಲೆ ಬೇರೆಯಾಗಿನೂ ಬಂತು. ಎರಡೂ ಪಕ್ಕ ಪಕ್ಕ ಇಟ್ಟು ಕೇಳಿ, ಅದೇ ಮನುಷ್ಯ, ಅದೇ ಹಾಡು, ಎರಡು ವರ್ಷದ ಹತ್ರ ಅಂತರ, ಬೇಸ್ ಬೇರೆನೇ. ನೋಟ್ ನೋಟೂ ಒಪ್ಪಿಸಿದ್ರೆ ಅದೂ ಒಂದು ದೊಡ್ಡ ರಿಫ್ಫೇ ಆಯ್ತಲ್ಲ, ಎರಡು ಬಾರ್ ಬದಲು ನಾಲ್ಕು ನಿಮಿಷದ್ದು, ಅಷ್ಟೇ ವ್ಯತ್ಯಾಸ.

ಕುಡ್ಲ_ಬೇಸ್:
ಅದು ಜೇಮರ್ಸನಿಗೆ ಸರಿ. ಅವರ ಹತ್ತಿರ ಶಬ್ದಭಂಡಾರ ಇತ್ತು. ಇವನು ಇನ್ನೂ ಅಕ್ಷರ ಕಲಿಯುವ ಹಂತ. ಮೊದಲು ಅವರ ವಾಕ್ಯ ಬಾಯಿಗೆ ಬರಲಿ, ಆಮೇಲೆ ಸ್ವಂತ ಮಾತು. ಈಗಲೇ ಸ್ವಂತ ಅಂತ ಹೊರಟರೆ ರೂಟ್ (ಕಾರ್ಡಿನ ಮೂಲ ಸ್ವರ), ಐದನೇ ಸ್ವರ, ಆಕ್ಟೇವ್, ಮತ್ತೆ ರೂಟ್, ಅಲ್ಲೇ ಗಿರಕಿ ಹೊಡೀತಾನೆ.

ತಗ್ಗುತಂತಿ:
ಮೊದಲ ಚರಣ ಪೂರ್ತಿ ಬಾಯಿಪಾಠ, ಅಲ್ಲಿಂದ ಮುಂದೆ ಹಾಡಿನ ಸಾಲು ಬಾಯಲ್ಲಿ ಹಾಡ್ತಾ ನುಡಿಸು. ಎಲ್ಲಿ ಹಾಡು ಉಸಿರು ತಗೊಳತ್ತೋ ಅಲ್ಲಿ ಮಾತ್ರ ನೀನು ಮಾತಾಡು. ಇದಕ್ಕಿಂತ ಜಾಸ್ತಿ ನಾನು ಇಳಿಯಲ್ಲ.

ಹೊಸ_ಸ್ಟ್ರಿಂಗ್ಸ್:
ಓಕೆ ಓಕೆ. ಇನ್ನೊಂದು, ಲಾ ಬೆಲ್ಲಾ ಜೇಮರ್ಸನ್ ಸೆಟ್ ಆನ್‌ಲೈನ್‌ನಲ್ಲಿ ಇದೆ, ತರಿಸ್ಲಾ?

ಕುಡ್ಲ_ಬೇಸ್:
ಬೇಡ ಮಾರಾಯ. ಅದು 52ರಿಂದ 110 ಗೇಜ್, ಹಗ್ಗದ ಹಾಗೆ. ಸಾಧಾರಣ ಬೇಸಿಗೆ ಹಾಕಿದರೆ ನೆಕ್ ಬಾಗ್ತದೆ, ನೆಕ್ ಒಳಗಿನ ಟ್ರಸ್ ರಾಡ್ ಸರಳು ತಿರುಗಿಸಲಿಕ್ಕೆ ಗೊತ್ತಿಲ್ಲದಿದ್ದರೆ ಕಷ್ಟ, ನೆಕ್ ತುದಿಯ ನಟ್ಟಿನಲ್ಲಿ ತಂತಿಗೆ ಇರುವ ಕಚ್ಚಿನಲ್ಲೂ ಸರಿ ಕೂರುವುದಿಲ್ಲ. ಹಗುರ ಫ್ಲಾಟ್‌ವೂಂಡ್ ಯಾವುದಾದರೂ ಹಾಕು, ಬ್ರಿಜ್ ಹತ್ತಿರ ತಂತಿಯ ಅಡಿಗೆ ಪಾತ್ರೆ ತೊಳೆಯುವ ಸ್ಪಂಜಿನ ತುಂಡು ಸಿಕ್ಕಿಸು. ಟೋನ್ ನಾಬ್ ಕೆಳಗೆ ಮಾಡು. ಮುಕ್ಕಾಲು ಸೌಂಡ್ ಬಂತು. ಉಳಿದದ್ದು ಬೆರಳು.

ಸ್ವರಮಾಲೆ:
ಸರಿ ಎಲ್ರೂ ಇಷ್ಟು ಮಾತಾಡಿದೀರಿ, ಬೆಂಗಳೂರಲ್ಲಿರೋರು ಸೇರಿ ಒಂದು ಸಲ ನುಡಿಸೋಣ್ವಾ? ಆದ್ರೆ ಇ ಕೀಯಲ್ಲಿ ನಂಗಾಗಲ್ಲ, ಅದು ಗಂಡಸರ ಶ್ರುತಿ, ಒಂದೋ ತುಂಬಾ ಕೆಳಗೆ ಒಂದೋ ತುಂಬಾ ಮೇಲೆ. ಎ ಮಾಡ್ಕೊಳ್ಳಿ.

ತಗ್ಗುತಂತಿ:
ಅಯ್ಯೋ ಮೇಡಂ, ಇಷ್ಟೊತ್ತು ಓಪನ್ ಇ ಬಗ್ಗೆ ಭಾಷಣ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲ.

ಕುಡ್ಲ_ಬೇಸ್:
ಒಂದು ನಿಮಿಷ ನಿಲ್ಲಿ, ಲೆಕ್ಕ ಹಾಕಿ ನೋಡಿ. ಎ ಕೀಯಲ್ಲಿ ಆದ್ರೆ ರೂಟಿಗೆ ಓಪನ್ ಎ ಉಂಟು. ಮೂಲದಲ್ಲಿ ಬಿ ಬರುವ ಜಾಗಕ್ಕೆ ಇ ಬರ್ತದೆ, ಅದೂ ಓಪನ್. ಎ ಮೈನರಿಗೆ ಹೋಗುವ ಜಾಗ ಡಿ ಮೈನರ್ ಆಗ್ತದೆ, ಅದೂ ಓಪನ್. ಇನ್ನೂ ಒಂದು ಲಾಭ, ರೂಟಿನಿಂದ ಕೆಳಗೆ ಐದನೇ ಸ್ವರಕ್ಕೆ ಇಳಿಯಲಿಕ್ಕೆ ಆಗ್ತದೆ. ಇ ಕೀಯಲ್ಲಿ ನಾಲ್ಕು ತಂತಿಯ ಬೇಸಿಗೆ ಇ ಕೆಳಗೆ ಎಂತದ್ದೂ ಇಲ್ಲವಲ್ಲ, ಜೇಮರ್ಸನಿಗೂ ಸಿಗದ ಸೌಕರ್ಯ ಅದು.

ತಗ್ಗುತಂತಿ:
ಬೇಸ್ ಕೈಗೆ ತಗೊಂಡು ನೋಡ್ದೆ. ಹೌದಲ್ಲ! ರೂಟಿಂದ ಕೆಳಗಿನ ಇಗೆ ಬಿಟ್ಟು ಮತ್ತೆ ಮೇಲೆ ಹತ್ತೋದು ಸಕತ್ತಾಗಿ ಕೂರತ್ತೆ. ಆದ್ರೆ ಸಿ ಶಾರ್ಪ್ ಬದಲು ಎಫ್ ಶಾರ್ಪ್ ಮೈನರ್ ಬರತ್ತಲ್ಲ, ಅದು ಕೆಳಗಿನ ತಂತಿಯ ಎರಡನೇ ಫ್ರೆಟ್, ಅಲ್ಲಿ ಸ್ವಲ್ಪ ಭಾರ ಜಾಸ್ತಿ ಆಗತ್ತೆ, ಅದಕ್ಕೆ ಒಂದು ಆಕ್ಟೇವ್ ಮೇಲೆ ಹೋಗ್ಬೇಕಾಗ್ಬೋದು. ಎ ಸರಿ ಮೇಡಂ, ನಡೀರಿ. ಮಲ್ಲೇಶ್ವರಂ ಸಾರ್ ನೀವು ಎಡಗೈ ಮನೇಲಿ ಬಿಟ್ಟು ಬನ್ನಿ.

ಮಲ್ಲೇಶ್ವರಂ_ಕೀಬೋರ್ಡ್:
ನೋಡೋಣ, ಆಣೆ ಮಾಡಲ್ಲ.

ಹುಬ್ಬಳ್ಳಿ_ಡ್ರಮ್ಮರ್:
ನಾನೂ ಬರ್ತೇನ್ರಿ, ರಾತ್ರಿ ಟ್ರೇನಿಗೆ ಕುಂತ್ರ ಮುಂಜಾನಿ ಅಲ್ಲೇ. ಡ್ರಮ್ಸ್ ಅಲ್ಲಿ ಇದ್ರ ಸಾಕು, ಕಾಂಗಾ ನಮ್ಮ ಹುಡುಗ ಒಬ್ಬಾಂವ ಹೊತ್ಕೊಂಡ ಬರ್ತಾನ. ಸ್ಪೀಡ್ ನಿಮಿಷಕ್ಕ ನೂರು ಬೀಟಿನ ಮ್ಯಾಲ ಹೋಗೋದು ಬ್ಯಾಡ, ಶುರುವಾದಮ್ಯಾಲ ಎಲ್ಲಾರೂ ಓಡ್ತೀರಿ, ಗೊತ್ತೈತಿ ನನಗ.